ಡೋಲು ನಿಂತ ಜಾಗ

ಬ್ರಹ್ಮಾವರದ ಆ ಸಭಾಭವನದ ಮುಂದೆ ಬಾಡಿಗೆ ಕಾರು ನಿಂತಾಗ ನನ್ನ ಮೂಗಿಗೆ ಮೊದಲು ಬಡಿದದ್ದು ಒಂದು ವಾಸನೆ. ತೆಂಗಿನ ಗರಿ ಸುಟ್ಟ ಹೊಗೆ, ಆ ಹೊಗೆಯೊಳಗೆ ಬೆಚ್ಚಗಾಗುತ್ತಿರುವ ತೊಗಲು. ಮಳೆಗಾಲದಲ್ಲಿ ಡೋಲಿನ ತೊಗಲು ಥಂಡಿ ಹಿಡಿದು ಸಡಿಲವಾಗುತ್ತದೆ. ಬೆಂಕಿಗೆ ಹಿಡಿದು ಬಿಗಿ ಮಾಡಿಕೊಳ್ಳದಿದ್ದರೆ ಎಷ್ಟು ಬಡಿದರೂ ಸದ್ದು ಏಳುವುದಿಲ್ಲ. ಪೋರ್ಟಿಕೋದ ಮೂಲೆಯಲ್ಲಿ ನಾಲ್ಕು ಜನ ಕುಕ್ಕರಗಾಲಲ್ಲಿ ಕೂತು ಡೋಲು ಕಾಯಿಸುತ್ತಿದ್ದರು. ಬಾಗಿಲಿನ ಹಿಡಿಕೆಗೆ ಹಾಕಿದ್ದ ಕೈಯನ್ನು ನಾನು ಹಿಂದಕ್ಕೆ ತೆಗೆದುಕೊಂಡೆ.

ಅಂದು ಅಲ್ಲಿ ನನಗೇ ಸನ್ಮಾನ. 'ಎಲ್ಲ ಜನರ ಮಾತಿಗೂ ಮೈಕ್ ಹಿಡಿದ ಹಿರಿಯ ಸಂವಹನಕಾರ್ತಿ' ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಬೆಳಗ್ಗೆ ಅದನ್ನೋದಿ ಖುಷಿಪಟ್ಟು, ಬೀರುವಿನಿಂದ ಒಳ್ಳೆಯ ಸೀರೆಯನ್ನೇ ತೆಗೆದು ಉಟ್ಟುಕೊಂಡು ಬಂದಿದ್ದೆ.

'ಇಳೀತ್ರಿಯಾ ಅಮ್ಮ?' ಎಂದ ಚಾಲಕ.

'ಎರಡ್ ನಿಮಿಷ,' ಎಂದೆ. ಏಳೆಂಟು ವರ್ಷದ ಹಿಂದಿನ ಒಂದು ಮಳೆಗಾಲ ಕಾರಿನೊಳಗೆ ಬಂದು ನನ್ನ ಪಕ್ಕದಲ್ಲೇ ಕೂತಿತ್ತು.

ನನ್ನದು ಹುಟ್ಟಿನಿಂದಲೇ ಗಾಬರಿಯ ಜೀವ. 'ಮಳಿ ಬಪ್ಪುಕೆ ಮುಂಚೆ ಕೊಡೆ ಬಿಡ್ಸು ಹೆಣ್ಣ್ ಇದ್' ಎಂದು ಅಬ್ಬಿ, ಅಂದರೆ ನನ್ನಮ್ಮ, ನಗಾಡುತ್ತಿದ್ದಳು. ಈ ಗಾಬರಿಯನ್ನು ಕಟ್ಟಿಕೊಂಡೇ ಓದಲಿಕ್ಕೆಂದು ತೆಕ್ಕಟ್ಟೆಯಿಂದ ಮುಂಬೈಗೆ ಹೋದೆ, ಅಲ್ಲೇ ಇಪ್ಪತ್ತೈದು ವರ್ಷ ಸಂವಹನದ ಕೆಲಸ ಮಾಡಿದೆ. ಸಂವಹನ ಎಂದರೆ ಊರಲ್ಲಿ ಯಾರಿಗೂ ತಲೆಬುಡ ತಿಳಿಯುತ್ತಿರಲಿಲ್ಲ. ಟೆಲಿಫೋನ್ ಆಫೀಸಿನಲ್ಲಿದ್ದಾಳೆ ಅಂತ ಹೇಳಿಕೊಂಡು ಸುಮ್ಮನಾಗಿದ್ದರು. ನಾನು ಮಾಡುತ್ತಿದ್ದದ್ದು ಇಷ್ಟೇ. ಲಸಿಕೆಯ ಸುದ್ದಿಯೋ ಕುಡಿಯುವ ನೀರಿನ ಸುದ್ದಿಯೋ ಯಾರಿಗೆ ಮುಟ್ಟಬೇಕೋ ಅವರ ಮಾತಿನಲ್ಲೇ ಮುಟ್ಟಿಸುವುದು. ಕರಪತ್ರ, ಗೋಡೆ ಚಿತ್ರ, ರೇಡಿಯೋ ಪ್ರಕಟಣೆ. 'ಎಲ್ಲರಿಗೂ ಹಿಂದಿ ಬರುತ್ತಲ್ಲ' ಅನ್ನುವವರ ಜೊತೆ ಜಗಳ ಆಡಿಯೇ ನನ್ನ ತಲೆ ಹಣ್ಣಾಯಿತು.

ಈ ಹಠ ಶುರುವಾದದ್ದು ನಾವುಂದದ ಕಡಲ ದಂಡೆಯಲ್ಲಿ. ಕಾಲೇಜಿನ ರಜೆಯಲ್ಲಿ ಗೆಳತಿಯ ಮನೆಗೆ ಹೋಗಿದ್ದೆ. 'ವಾಯುಭಾರ ಕುಸಿತದ ಪರಿಣಾಮವಾಗಿ' ಎಂದು ರೇಡಿಯೋ ಹೇಳುತ್ತಿತ್ತು. ಪಕ್ಕದ ಮನೆಯ ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿ, 'ಎಂತ ಕುಸಿತಂಬ್ರ್ ಹೆಣೆ?' ಎಂದು ಕೇಳಿದಳು. ಅವಳ ಗಂಡ ಆ ಹೊತ್ತಿಗೆ ದೋಣಿಯಲ್ಲಿದ್ದ. ಅವನೇನೋ ಸಂಜೆ ಸುಖವಾಗಿ ಬಂದ. ಆದರೆ ಆ ಮಧ್ಯಾಹ್ನ ಅವಳ ಮುಖದಲ್ಲಿ ಕಂಡ ಭಯ ನನ್ನನ್ನು ಬಿಡಲೇ ಇಲ್ಲ.

ಐವತ್ತು ದಾಟಿದ ಮೇಲೆ ಊರಿಗೆ ಬಂದು ಹೆಮ್ಮಾಡಿಯಲ್ಲಿ ಒಂದು ಸಣ್ಣ ಸಮುದಾಯ ರೇಡಿಯೋ ಶುರು ಮಾಡಲು ಹೊರಟೆ. ಅದನ್ನು ನಡೆಸುವ ಟ್ರಸ್ಟಿನ ಅಧ್ಯಕ್ಷರು ಪ್ರಭಾಕರಣ್ಣ, ಮುಂಬೈಯಲ್ಲಿ ಹೋಟೆಲು ನಡೆಸಿ ಬಂದವರು, ದೂರದ ನೆಂಟರು. ಮಹಡಿಯ ಮೇಲೊಂದು ಕೋಣೆ, ಗೋಡೆಗೆ ಅಂಟಿಸಿದ ಸ್ಪಂಜು, ಎರಡು ಮೈಕು, ಸಂಕಟಪಡುವ ಒಂದು ಯುಪಿಎಸ್ಸು. ನಮ್ಮ ದನಿ ಮುಟ್ಟುತ್ತಿದ್ದದ್ದು ಉತ್ತರಕ್ಕೆ ನಾವುಂದ, ತೆಂಕಕ್ಕೆ ತೆಕ್ಕಟ್ಟೆಯವರೆಗೆ. ಅದರಾಚೆ ಬರೀ ಗೊರಗೊರ. ಆದರೂ ನನಗದು ದೊಡ್ಡ ಸಾಮ್ರಾಜ್ಯ. ಒಂದೊಂದು ದಿನ ಒಂದೊಂದು ಮಾತು ಎಂದು ಪಟ್ಟಿ ಮಾಡಿದೆ. ಮೀನುಗಾರರ ಖಾರ್ವಿ ಕೊಂಕಣಿಗೆ ಒಂದು ದಿನ, ಕ್ರೈಸ್ತರ ಕೊಂಕಣಿಗೆ ಇನ್ನೊಂದು ದಿನ, ಬ್ಯಾರಿಗೆ, ತುಳುವಿಗೆ ಮತ್ತೆರಡು ದಿನ. ಗುರುವಾರ ಸಂಜೆ ಐದು ಗಂಟೆಗೆ ಕೊರಗರ ಮಾತು.

ಆ ಗುರುವಾರದ ದನಿ ಸುಮತಿಯದು. ಬೈಂದೂರು ತಾಲೂಕಿನ ಒಳನಾಡಿನ ಕೊರಗರ ಕಾಲೊನಿಯವಳು, ಅಲ್ಲಿನ ಅಂಗನವಾಡಿ ಶಿಕ್ಷಕಿ. ವಯಸ್ಸು ಮೂವತ್ತು. ತಂದೆ ಇಲ್ಲ, ಬೆಳೆಸಿದ್ದು ಸೋದರಮಾವ ಗಣಪಣ್ಣ. ತಮ್ಮ ಜನರ ಹಳೆಯ ಮಾತನ್ನು ಅಜ್ಜಿಯಿಂದ ಕಲಿತು ಉಳಿಸಿಕೊಂಡಿದ್ದಳು. ಕುಂದಾಪ್ರ ಕನ್ನಡವಂತೂ ಅವಳ ಬಾಯಲ್ಲಿ ಅರಳು ಹುರಿದಂತೆ. ಎರಡು ತಿಂಗಳು ನನ್ನ ಹತ್ತಿರ ಓದುವುದನ್ನು ಕಲಿತಳು. ಎಲ್ಲಿ ಉಸಿರು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು, ಮೈಕಿನಿಂದ ಎಷ್ಟು ದೂರ ಕೂರಬೇಕು ಎಲ್ಲ. 'ಅಕ್ಕ, ನಿನ್ನೆ ಮಕ್ಕಳ್ ಎದ್ರ್ ಓದಿ ಕಂಡೆ. ಒಂದ್ ಮಗುವೂ ಎದ್ದ್ ಹೋಯ್ಲಿಲ್ಲೆ,' ಎಂದು ಬಂದು ವರದಿ ಒಪ್ಪಿಸಿದ್ದಳು. ತಾನು ರೇಡಿಯೋದಲ್ಲಿ ಓದುತ್ತೇನೆಂದು ಅಂಗನವಾಡಿಗೆ ಬರುವ ತಾಯಂದಿರಿಗೆಲ್ಲ ಹೇಳಿಯಾಗಿತ್ತು.

ಆಸಾಡಿ ಅಮಾಸೆಯ ದಿನ ಉದ್ಘಾಟನೆ ಎಂದು ನಿಗದಿಯಾಯಿತು. ನನಗೆ ನಿದ್ದೆ ಹೋಯಿತು. ದೀಪ ಬೆಳಗುವುದು, ಪ್ರಾರ್ಥನೆ, ಪೂರ್ಣಕುಂಭ ಇವೆಲ್ಲ ಎಲ್ಲರದೂ ಅಲ್ಲ, ಬೇಡ. ಮತ್ತೇನಿರಬೇಕು? ಯೋಚಿಸಿ ಯೋಚಿಸಿ ಒಂದು ಸಂಜೆ ಹೊಳೆಯಿತು. ಈ ನೆಲದಲ್ಲಿ ಯಾವಾಗಲೂ ಕೊನೆಯಲ್ಲಿ ನಿಂತ ಕೊರಗರ ಡೋಲಿನ ಸದ್ದು ಎಲ್ಲಕ್ಕಿಂತ ಮೊದಲು ಕೇಳಬೇಕು. ಹೊಳೆದದ್ದೇ ತಡ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಸುಮತಿ ಮೂರು ದಿನದ ತರಬೇತಿಗೆಂದು ಉಡುಪಿಗೆ ಹೋಗಿದ್ದಳು. ನೇರ ಗಣಪಣ್ಣನಿಗೇ ಫೋನ್ ಮಾಡಿದೆ.

'ಗಣಪಣ್ಣ, ಅಮಾಸಿ ದಿನ ರೇಡಿಯೋ ಶುರು ಆತ್ತ್. ನಾಕ್ ಜನ ಡೋಲ್ ತಕಂಡ್ ಬತ್ರಿಯಾ?'

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ, 'ಆಯ್ತಮ್ಮ. ಬತ್ತೊ,' ಎಂದರು.

ಆ ಸ್ವಲ್ಪ ಹೊತ್ತನ್ನು ನಾನು ನೆಟ್‌ವರ್ಕಿನ ತೊಂದರೆ ಅಂದುಕೊಂಡೆ.

ಅಮಾಸೆಯ ಬೆಳಗ್ಗೆ ಮಳೆ ಕೊಡ ಬಗ್ಗಿಸಿದಂತೆ ಹೊಯ್ಯುತ್ತಿತ್ತು. ಏಳು ಗಂಟೆಗೇ ನಾಲ್ವರೂ ಬಂದರು. ಡೋಲುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದರು. ತಾವು ಮಾತ್ರ ತೊಪ್ಪೆಯಾಗಿದ್ದರು. ಕೆಳಗಿನ ಸಭಾಂಗಣದ ಪೋರ್ಟಿಕೋದಲ್ಲಿ ಗರಿ ಹೊತ್ತಿಸಿ ತೊಗಲು ಕಾಯಿಸಿದರು. ಒಳಗೆ ಹೊಡೆಸೋಣ ಎಂದು ನನ್ನ ಮನಸ್ಸಿನಲ್ಲಿತ್ತು. ಧ್ವನಿವರ್ಧಕದವ, 'ಒಳ್ಗ್ ಹೊಡದ್ರೆ ಮೈಕ್ ಎಲ್ಲ ಕುಂಯ್ ಅಂತತ್ತ್ ಅಕ್ಕ, ಹೊರ್ಗೇ ಇರ್ಲಿ,' ಎಂದ. ಅದೂ ಸರಿ ಅನ್ನಿಸಿತು. ಊಟದ ಉಸ್ತುವಾರಿ ವಹಿಸಿಕೊಂಡಿದ್ದ ಟೀಚರೊಬ್ಬರು, ಪಾಪ, ಇವರಿಗೆ ಬಸ್ಸು ತಪ್ಪಬಾರದು ಎಂದು ನಾಲ್ಕು ಪೊಟ್ಟಣ ಮೊದಲೇ ಕಟ್ಟಿಸಿ ಹೊರಗೇ ತಂದುಕೊಟ್ಟರು. ಅದೂ ಸರಿ ಅನ್ನಿಸಿತು. ಆ ದಿನ ನಡೆದ ಪ್ರತಿಯೊಂದಕ್ಕೂ ಒಂದು ಒಳ್ಳೆಯ ಕಾರಣ ಇತ್ತು.

ಹತ್ತು ಗಂಟೆಗೆ ಸುಮತಿ ಬಂದಳು. ಹೊಸ ಸೀರೆ, ತಲೆಯಲ್ಲಿ ಅಬ್ಬಲಿಗೆ. ಉಡುಪಿಯಿಂದ ನೇರ ಬಸ್ಸಿನಲ್ಲಿ ಬಂದಿಳಿದವಳು ರಸ್ತೆಯ ಆಚೆ ಬದಿಯಲ್ಲೇ ನಿಂತುಬಿಟ್ಟಳು. ನಾನು ಬಾಗಿಲಲ್ಲಿ ಅತಿಥಿಗಳಿಗೆ ಕೈಮುಗಿಯುತ್ತಿದ್ದೆ. ಗಣಪಣ್ಣ ಸೋದರಸೊಸೆಯನ್ನು ನೋಡಿದರು. ನೋಡಿ ತಲೆ ಬಗ್ಗಿಸಿದರು, ಆದರೆ ಡೋಲು ಹೊಡೆಯುತ್ತಿದ್ದ ಕೈ ನಿಲ್ಲಿಸಲಿಲ್ಲ. ಗಾಳಿಗೆ ಎರಚಲು ಹೊಡೆದು ಅವರ ಬೆನ್ನು ತೋಯುತ್ತಿತ್ತು.

ಸುಮತಿ ನನ್ನ ಹತ್ತಿರ ಬಂದು ಕೇಳಿದಳು. 'ಇವ್ರನ್ನ್ ಯಾರ್ ಕರ್ದದ್ದ್?'

'ನಾನೇ,' ಎಂದೆ. ಹೊಗಳಿಸಿಕೊಳ್ಳಲು ಕಾದ ಮಗುವಿನ ಹಾಗೆ ಹೇಳಿದೆ. 'ಮೊದ್ಲ್ ನಿಮ್ಮವ್ರ್ ಸದ್ದೇ ಕೇಣ್ಕ್ ಅಂತೇಳಿ.'

'ಅಕ್ಕ, ನಮ್ ಮಾವ ಊರಿಗ್ ಡೋಲ್ ಹೊಡುದ್ ಬಿಟ್ಟ್ ಹದ್ನೈದ್ ವರ್ಷ ಆಯ್ತ್. ಇನ್ನೊಬ್ರ್ ಬಾಗ್ಲಂಗೆ ಹೊಡುದಿಲ್ಲೆ ಅಂದ್ ಆಣಿ ಮಾಡಿದ್ರ್.'

'ನಂಗ್ ಗೊತ್ತಿರ್ಲಿಲ್ಲೆ ಸುಮತಿ.'

ಅವಳು ನನ್ನನ್ನೇ ನೋಡಿದಳು. ದನಿ ಏರಿಸಲಿಲ್ಲ. 'ನಿಮ್ಗ್ ಗೊತ್ತಿಲ್ದೇ ಇಪ್ಪುದಾ ಅಕ್ಕ?' ಎಂದಳು. ಆಮೇಲೆ ಮಾವನ ಹತ್ತಿರ ಹೋಗಿ ಡೋಲಿನ ಮೇಲೆ ಕೈಯಿಟ್ಟಳು. ಸದ್ದು ನಿಂತಿತು. ಐವರೂ ಮಳೆಯಲ್ಲೇ ನಡೆದು ಬಸ್‌ಸ್ಟ್ಯಾಂಡಿನ ಕಡೆ ಹೋದರು. ನಾಲ್ಕು ಪೊಟ್ಟಣಗಳು ಪೋರ್ಟಿಕೋದ ಕಟ್ಟೆಯ ಮೇಲೆ ಇಟ್ಟಲ್ಲೇ ಇದ್ದವು.

ನನಗೆ ಗೊತ್ತಿರಲಿಲ್ಲವೇ? ಅಜಲು ಎಂದರೆ ಏನೆಂದು ನಮ್ಮ ಕಡೆ ಹುಟ್ಟಿದ ಯಾರಿಗೆ ಗೊತ್ತಿಲ್ಲ! ಊರವರ ಕಂಬಳಕ್ಕೆ, ಉತ್ಸವಕ್ಕೆ ಕೊರಗರು ಬಂದು ಡೋಲು ಹೊಡೆಯಲೇಬೇಕು, ಹೊರಗೇ ನಿಲ್ಲಬೇಕು, ಹೊರಗೇ ಕೊಟ್ಟದ್ದನ್ನು ತಿನ್ನಬೇಕು ಎಂಬ ಕಟ್ಟಳೆ ಅದು. ಈಗ ಅದಕ್ಕೆ ಕಾನೂನಿನ ನಿಷೇಧ ಇದೆ. ತರಬೇತಿಗಳಲ್ಲಿ ನಾನೇ ಆ ಕಾನೂನಿನ ಬಗ್ಗೆ ಪಾಠ ಮಾಡಿದವಳು. ತೆಕ್ಕಟ್ಟೆಯಲ್ಲಿ ನನ್ನ ಅಜ್ಜನ ಗದ್ದೆಯ ಕಂಬಳಕ್ಕೂ ಡೋಲು ಬರುತ್ತಿತ್ತು. ಜಗಲಿಯ ಕಂಬ ಹಿಡಿದುಕೊಂಡು ಆ ಸದ್ದಿಗೆ ನಾನು ಕುಣಿಯುತ್ತಿದ್ದೆ. ಅದನ್ನು ಹೊಡೆಯುವವರು ಅಂಗಳದಾಚೆಯ ಬೇಲಿಯ ಹೊರಗೆ ನಿಂತಿರುತ್ತಿದ್ದರು. ಎಷ್ಟೋ ವರ್ಷ ಮುಂಬೈಯಲ್ಲಿದ್ದು ನಾನು ಸದ್ದನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡು ಬೇಲಿಯನ್ನು ಮರೆತಿದ್ದೆ. ದೀಪದ ಬುಡದಲ್ಲೇ ಕತ್ತಲೆ.

ಹನ್ನೊಂದು ಗಂಟೆಗೆ ಮೇಲಿನ ಕೋಣೆಯಲ್ಲಿ ಕೆಂಪು ದೀಪ ಹತ್ತಿತು. ಸುಮತಿ ಕೂರಬೇಕಾದ ಕುರ್ಚಿಯಲ್ಲಿ ನಾನು ಕೂತು ಸ್ವಾಗತ ಹೇಳಿದೆ. ಏನು ಹೇಳಿದೆನೋ ದೇವರಿಗೇ ಗೊತ್ತು. ಮಾರನೇ ದಿನ ಪತ್ರಿಕೆಯಲ್ಲಿ ಚಿತ್ರ ಬಂತು. ಬಾಗಿಲಲ್ಲಿ ಹಲ್ಲು ಬಿಟ್ಟುಕೊಂಡು ನಾನು, ನನ್ನ ಹಿಂದೆ ಮಳೆಯಲ್ಲಿ ನಾಲ್ಕು ಡೋಲು. 'ಎಲ್ಲರನ್ನೂ ಒಳಗೊಂಡ ರೇಡಿಯೋ' ಎಂಬ ತಲೆಬರಹ. ಅದನ್ನು ನೋಡಿ ಊರವರು ಅಭಿನಂದಿಸಲು ಫೋನು ಮಾಡುತ್ತಿದ್ದರು. ಮಧ್ಯಾಹ್ನದ ಮೇಲೆ ನಾನು ಫೋನು ಎತ್ತುವುದನ್ನೇ ಬಿಟ್ಟೆ.

ಆಮೇಲಿನ ದಿನಗಳಲ್ಲಿ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಸುಮತಿಗೆ ಹತ್ತು ಸಲ ಫೋನು ಮಾಡಿದೆ, ಎತ್ತಲಿಲ್ಲ. ಗುರುವಾರ ಬಂದರೆ ಮೂರು ಗಂಟೆಯಿಂದಲೇ ಮೆಟ್ಟಿಲ ಮೇಲೆ ಕಾಲಸಪ್ಪಳ ಕೇಳುತ್ತ ಕೂರುತ್ತಿದ್ದೆ. ಐದು ಗಂಟೆಗೆ ಹಾಡು ಹಾಕುತ್ತಿದ್ದೆ. ಮಳೆಗೆ ಗೋಡೆಯ ಸ್ಪಂಜಿಗೆ ಬೂಸಲು ಹಿಡಿದು ಕೋಣೆಯೆಲ್ಲ ಮುಗ್ಗಲು ವಾಸನೆ. ನನ್ನ ಕಾರ್ಯಕ್ರಮ ಹಾಳಾಯಿತೆಂಬ ಚಿಂತೆಯಲ್ಲ ಅದು. ಎರಡು ತಿಂಗಳು ಮಕ್ಕಳೆದುರು ಓದಿ ಓದಿ ಸಿದ್ಧವಾದ ಒಂದು ದನಿಯ ಬಾಯಿ ನನ್ನಿಂದ ಮುಚ್ಚಿಹೋಯಿತಲ್ಲ ಎಂಬುದು.

ಕಡೆಗೊಂದು ಕ್ಷಮೆಯ ಪತ್ರ ಬರೆದೆ. ಬರೆಯುವುದು ನನ್ನ ಕಸುಬಲ್ಲವೇ? ಮೂರು ಸಲ ತಿದ್ದಿ, ಮಡಚಿ ಚೀಲದಲ್ಲಿಟ್ಟು, ನಾವುಂದದ ಬಸ್ಸು ಹತ್ತಿದೆ. ಮರವಂತೆಯಲ್ಲಿ ಕಡಲು ರಸ್ತೆಯ ಕಲ್ಲಿಗೆ ಬಡಿದು ಬಸ್ಸಿನ ಗಾಜಿಗೆ ನೀರು ಎರಚುತ್ತಿತ್ತು. ಹೊಳೆಯ ಬದಿಯಲ್ಲಿ ಗದ್ದೆಗಳೆಲ್ಲ ಮುಳುಗಿ ಒಂದೇ ಬಣ್ಣವಾಗಿದ್ದವು. ನಾವುಂದದಲ್ಲಿಳಿದು ರಿಕ್ಷಾ ಹಿಡಿದು, ರಿಕ್ಷಾ ಹೋಗದಲ್ಲಿ ಕೆಸರು ತುಳಿದು ಕಾಲೊನಿ ಮುಟ್ಟಿದೆ.

ಗಣಪಣ್ಣ ಜಗಲಿಯಲ್ಲಿ ಕೂತು ಬಿಳಲಿನ ಬುಟ್ಟಿ ಹೆಣೆಯುತ್ತಿದ್ದರು. 'ಬನ್ನಿ ಅಮ್ಮ, ಕೂಕಣಿ,' ಎಂದು ಕುರ್ಚಿ ಹಾಕಿದರು. ಸುಮತಿ ಒಳಗೇ ಇದ್ದಳು. ಬಾಗಿಲ ಪರದೆಯ ಕೆಳಗೆ ಅವಳ ಕಾಲು ಕಾಣುತ್ತಿತ್ತು. ನಾನು ಪತ್ರ ತೆಗೆದು ಓದಿದೆ. 'ಉದ್ಘಾಟನಾ ಸಮಾರಂಭದ ಸಂದರ್ಭದಲ್ಲಿ ಅನುದ್ದೇಶಿತವಾಗಿ ಉಂಟಾದ ನೋವಿಗೆ ಸಂಸ್ಥೆಯು ವಿಷಾದ ವ್ಯಕ್ತಪಡಿಸುತ್ತದೆ' ಎಂದು ಶುರುವಾಗಿ ಒಂದು ಪುಟ ಇತ್ತು. ಗಣಪಣ್ಣ ಕೈಕೆಲಸ ನಿಲ್ಲಿಸಿ ಪೂರ್ತಿ ಕೇಳಿದರು.

'ಲಾಯ್ಕ್ ಇತ್ತ್,' ಎಂದರು. 'ಇದ್ರಂಗೆ ಡೋಲ್ ಎಲ್ಲಿತ್ತಮ್ಮ?'

ನಾನು ಕಾಗದ ನೋಡಿದೆ. ಡೋಲು ಎಂಬ ಮಾತು ಎಲ್ಲೂ ಇರಲಿಲ್ಲ.

'ನಿಮ್ ಹೆಸ್ರ್ ಎಲ್ಲಿತ್ತ್?'

ಅದೂ ಇರಲಿಲ್ಲ. ಇಪ್ಪತ್ತೈದು ವರ್ಷ ನಾನು ಕಂಪನಿಗಳಿಗೂ ಆಸ್ಪತ್ರೆಗಳಿಗೂ ಕಲಿಸಿದ್ದು ಇದನ್ನೇ. ವಿಷಾದ ಎನ್ನಿ, ತಪ್ಪು ಎನ್ನಬೇಡಿ. ಸಂಸ್ಥೆ ಎನ್ನಿ, ನಾನು ಎನ್ನಬೇಡಿ. ಕಾಗದ ಮಡಚಿ, ಬಾಯಲ್ಲೇ ಹೇಳಿದೆ. 'ಗಣಪಣ್ಣ, ತಪ್ಪಾಯ್ತ್. ನಾನೇ ಮಾಡಿದ್ದ್.' ಅಳು ಬಂತು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಫೋನಿನಲ್ಲಿ ಕೇಳಿದ್ದ ಅದೇ ಮೌನ. ಈ ಸಲ ಅದು ನನಗೆ ಅರ್ಥವಾಯಿತು.

'ನೀವ್ ಕರದ್ರಿ. ಹೆಣ್ಣಿನ್ ರೇಡಿಯೋ ಕೆಲ್ಸ ನಿಮ್ ಕೈಯಂಗ್ ಇತ್ತ್. ಬತ್ತಿಲ್ಲೆ ಅಂದ್ ಹ್ಯಾಂಗ್ ಹೇಳುದ್?' ಎಂದರು. 'ಡೋಲಿಂದ್ ಎಂತ ತಪ್ಪಿಲ್ಲೆ ಅಮ್ಮ. ನಮ್ಮಲ್ಲ್ ಮದುವಿ ಆರೆ ನಾನೇ ಹೊಡಿತೆ. ಎಲ್ರೂ ಕೊಣಿತೊ. ಡೋಲ್ ನಿಂತ ಜಾಗ ಸಮ ಇಲ್ಲೆ.'

'ನಾನೀಗ ಎಂತ ಮಾಡ್ಕ್, ನೀವೇ ಹೇಳಿ.'

'ತಪ್ಪ್ ಅಂದ್ ಇಲ್ಲ್ ಬಂದ್ ಹೇಳಿದ್ರಿ. ಇಲ್ಲ್ ಕೇಂಬುಕೆ ಯಾರ್ ಇದ್ರ್? ಡೋಲ್ ಹೊಡ್ದದ್ದ್ ಊರ್ ಎದ್ರಿಗೆ.' ಅಷ್ಟು ಹೇಳಿ ಒಳಗೆ ತಿರುಗಿ, 'ಅಮ್ಮಂಗೆ ಚಾ ಕೊಡ್,' ಎಂದರು. ಸುಮತಿ ಚಹಾ ತಂದು ನನ್ನ ಮುಂದಿಟ್ಟಳು. ಮುಖ ನೋಡಲಿಲ್ಲ. ಬಿಸಿ ಚಹಾವನ್ನು ನಾನು ಒಂದೇ ಗುಕ್ಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡೆ.

ಊರೆದುರಿಗೆ ಎಂದರೆ ರೇಡಿಯೋದಲ್ಲಿ. ನಾನು ಪ್ರಭಾಕರಣ್ಣನ ಹತ್ತಿರ ಹೋಗಿ ಹೇಳಿದೆ. ಅವರು ಕೆಟ್ಟವರಲ್ಲ. ಆದರೆ ಮುಖ ಕಪ್ಪಿಟ್ಟಿತು.

'ಹುಚ್ಚಾ ನಿಂಗೆ?' ಎಂದರು. 'ಅದ್ ಕಾನೂನಿನಂಗೆ ಅಪರಾಧ. ನೀನೇ ಮೈಕ್ ಎದ್ರ್ ಕೂಕಂಡ್ ಅಜಲ್ ಮಾಡ್ಸಿದೆ ಅಂದ್ರೆ ಬೇರೆ ಸಾಕ್ಷಿ ಎಂತಕ್ ಬೇಕ್? ನಾಳೆ ಕೇಸಾತ್ತ್, ಲೈಸನ್ಸ್ ಹೋತ್ತ್. ಛೋಡೋ ಮರಾಯ್ತಿ. ಗುರುವಾರಕ್ಕ್ ಬೇರೆ ಯಾರನ್ನಾರೂ ಹಾಕ್.'

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ನನ್ನ ಪ್ರಾಣಸಂಕಟ. ಬಾಯಲ್ಲಿ ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಪೊಲೀಸರು ಮೆಟ್ಟಿಲು ಹತ್ತಿ ಬಂದ ಹಾಗೆ, ಖಾರ್ವಿ ಕೊಂಕಣಿಯ ಹೆಂಗಸರು, ತುಳುವಿನ ಅಜ್ಜ ಎಲ್ಲರೂ ಬೀಗ ಹಾಕಿದ ಬಾಗಿಲ ಮುಂದೆ ನಿಂತ ಹಾಗೆ ಕಣ್ಣೆದುರು ಬರುತ್ತಿತ್ತು. ನನ್ನೊಬ್ಬಳ ತಪ್ಪಿಗೆ ಎಲ್ಲರ ಬಾಯಿ ಮುಚ್ಚಿಸಲೇ? ಹೀಗೆ ಕೇಳಿಕೊಂಡರೆ ನಾನು ದೊಡ್ಡ ತ್ಯಾಗಿಯಂತೆ ಕಾಣುತ್ತಿದ್ದೆ. ನಿಜವೆಂದರೆ ಹೆದರಿಕೆ, ಬರೀ ಹೆದರಿಕೆ. ಇಪ್ಪತ್ತೈದು ವರ್ಷ ಸಂಪಾದಿಸಿದ ಹೆಸರು ಒಂದು ನಿಮಿಷದಲ್ಲಿ ಹೋಗುತ್ತದೆಂಬ ಹೆದರಿಕೆ. ಮೂರು ಗುರುವಾರ ಹಾಗೆಯೇ ಹಾಡು ಹಾಕಿದೆ. ಅಂಚೆಯವನ ಬೈಕಿನ ಸದ್ದಾದರೂ ಬೆಚ್ಚುತ್ತಿದ್ದೆ. ಇನ್ನೂ ತಪ್ಪು ಒಪ್ಪಿಕೊಂಡೇ ಇರಲಿಲ್ಲ, ಆಗಲೇ ನೋಟಿಸಿಗೆ ಕಾಯುತ್ತಿದ್ದೆ.

ಆಸಾಡಿ ಕಳೆದು ಸೋಣೆ ತಿಂಗಳು ಬಂತು. ನಾಲ್ಕನೆಯ ಗುರುವಾರ ಬೆಳಗ್ಗಿನಿಂದ ಗಾಳಿ ಎದ್ದಿತ್ತು, ಕಡಲಿಗಿಳಿಯಬಾರದೆಂದು ಎಚ್ಚರಿಕೆ ಬಂದಿತ್ತು. ಮಧ್ಯಾಹ್ನ ಹಾಡು ಹುಡುಕುತ್ತಿದ್ದಾಗ ಕಂಪ್ಯೂಟರಿನಲ್ಲಿ ಒಂದು ತುಣುಕು ಸಿಕ್ಕಿತು. ತರಬೇತಿಯಲ್ಲಿ ಸುಮತಿ ಓದಿದ್ದು. ಮಧ್ಯದಲ್ಲಿ ತೊದಲಿ, 'ಇದ್ ಅಳ್ಸಿ ಅಕ್ಕ, ಸಮ ಆಯ್ಲಿಲ್ಲೆ, ಇನ್ನೊಂದ್ ಸಲ ಓದ್ತೆ,' ಎಂದಿದ್ದಳು. ನನ್ನ ತಪ್ಪು ಹಾಗೆ ಅಳಿಸುವಂಥದ್ದಲ್ಲ. ಆದರೆ ಸಮ ಆಗಲಿಲ್ಲ ಎಂದು ಹೇಳಲು ಆ ಹೆಣ್ಣಿಗೆ ಎಷ್ಟು ಸಲೀಸು! ಹಾಡಿನ ಪಟ್ಟಿ ಮುಚ್ಚಿದೆ. ಪ್ರಭಾಕರಣ್ಣನಿಗೆ ಫೋನ್ ಮಾಡಿ, 'ಐದ್ ಗಂಟಿಗೆ ಹೇಳ್ತೆ. ನಿಮ್ಗೆ ಬ್ಯಾಡ ಅಂದಾರೆ ನನ್ನನ್ನ್ ತೆಗೀರಿ,' ಎಂದೆ. ಅವರು ಏನೋ ಹೇಳುವ ಮೊದಲೇ ಇಟ್ಟೆ. ಕೇಳುವ ಧೈರ್ಯ ಇರಲಿಲ್ಲ.

ಕೆಂಪು ದೀಪ ಹತ್ತಿತು. ಕಾಗದ ಇರಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

'ನಾನ್ ಗಿರಿಜ. ಆಸಾಡಿ ಅಮಾಸಿ ದಿನ ಈ ರೇಡಿಯೋ ಶುರು ಆಯ್ತ್. ಆವತ್ತ್ ನಾನ್ ಗಣಪಣ್ಣಂಗೆ ಫೋನ್ ಮಾಡಿ, ನಾಕ್ ಜನ ಕೊರಗ್ರನ್ನ್ ಡೋಲ್ ಹೊಡುಕೆ ಕರ್ದೆ. ಅವ್ರ್ ಬಾಗ್ಲ್ ಹೊರ್ಗೆ ಮಳಿಯಂಗ್ ನಿಂತ್ ಹೊಡದ್ರ್. ನಾವ್ ಒಳ್ಗ್ ಕೂಕಂಡ್ ಕೇಂಡೊ. ಊಟವೂ ಅವ್ರಿಗ್ ಹೊರ್ಗೇ ಕೊಟ್ಟೊ. ಇದ್ಕೆ ಅಜಲು ಅಂತ್ರ್. ಮಾಡ್ಸಿದ್ದ್ ನಾನ್. ಗೊತ್ತಿದ್ದೂ ಮರ್ತದ್ದ್ ನಾನ್. ತಪ್ಪ್ ನಂದ್.'

ಅಷ್ಟೇ. ಒಂದು ನಿಮಿಷವೂ ಆಗಿರಲಿಲ್ಲ. ಅರ್ಧ ಗಂಟೆಯ ಹೊತ್ತು ಬಾಯಿ ತೆರೆದುಕೊಂಡು ಮುಂದೆ ಕೂತಿತ್ತು. ಹಾಡು ಹಾಕಲು ಮನಸ್ಸು ಬರಲಿಲ್ಲ. ಮಾಡಿನ ಶೀಟಿನ ಮೇಲೆ ಮಳೆ ಬೀಳುವುದು ಮೈಕಿನಲ್ಲಿ ಕೇಳುತ್ತಿತ್ತು. ಎದುರಿಗಿದ್ದ ಹವಾಮಾನದ ಕಾಗದ ತೆಗೆದು ಕುಂದಾಪ್ರ ಕನ್ನಡದಲ್ಲೇ ಓದಿದೆ. ಗಾಳಿ ಜೋರು, ಎರಡು ದಿನ ದೋಣಿ ಇಳಿಸಬೇಡಿ, ಹೊಳೆಬದಿಯವರು ದನಕರು ಬಿಚ್ಚಿ ಮೇಲಕ್ಕೆ ಕಟ್ಟಿ ಎಂದು. ಅದಾದ ಮೇಲೆ ಕರೆಂಟು ಹೋಯಿತು. ಯುಪಿಎಸ್ಸೂ ಕೈಕೊಟ್ಟಿತು.

ಯಾರೂ ಫೋನು ಮಾಡಲಿಲ್ಲ. ಬೈಗುಳವೂ ಇಲ್ಲ, ಶಾಭಾಸ್ಗಿರಿಯೂ ಇಲ್ಲ. ಯಾರಾದರೂ ಕೇಳಿದ್ದಾರೆಯೇ ಎಂಬುದೇ ಗೊತ್ತಾಗದೆ ಆ ವಾರವಿಡೀ ಒದ್ದಾಡಿದೆ. ಪ್ರಭಾಕರಣ್ಣ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟರು, ಆದರೆ ತೆಗೆದುಹಾಕಲಿಲ್ಲ. ಕೇಸು ಬರಲಿಲ್ಲ. ಬಂದಿದ್ದರೆ ಬರಬೇಕಾದದ್ದೇ ಎಂದು ಈಗ ಹೇಳುವುದು ಸುಲಭ. ಆಗ ಬಾರದಿರಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದೆ.

ಮುಂದಿನ ಗುರುವಾರ ನಾಲ್ಕೂವರೆಗೆ ಮೆಟ್ಟಿಲ ಮೇಲೆ ಸಪ್ಪಳವಾಯಿತು. ಸುಮತಿ ಒಳಗೆ ಬಂದು ಕೊಡೆಯನ್ನು ಮೂಲೆಗಿಟ್ಟಳು. ನಾನು ಎದ್ದು ನಿಂತೆ, ಮತ್ತೆ ಕೂತೆ.

'ಮಾವ ಕೇಂಡ್ರ್,' ಎಂದಳು. 'ಆಚೀಚೆ ಮನಿಯವ್ರನ್ನೂ ಕರ್ದ್ ಕೂರ್ಸಿ ಕೇಂಡ್ರ್.'

'ಎಂತ ಹೇಳ್ರ್?'

'ಎಂತ ಹೇಳ್ಲಿಲ್ಲೆ. ರೇಡಿಯೋ ಬಂದ್ ಮಾಡಿ ಉಂಡ್ಕಂಡ್ ಮಲ್ಕಂಡ್ರ್.' ಮೈಕಿನ ಕಡೆ ನೋಡಿ, 'ಅಕ್ಕ, ಕೊನಿಗೆ ಹವಾಮಾನ ಓದಿದ್ರಿ ಅಲ್ದಾ, ಅದ್ ಸಮ ಇರ್ಲಿಲ್ಲೆ. ಬಸ್ ತಪ್ಪುವವ್ರ್ ಹಾಂಗ್ ಓಡ್ತಿದ್ರಿ. ಅದನ್ನ್ ನಂಗೆ ಕೊಡಿ,' ಎಂದಳು.

'ಗುರುವಾರ ನಿನ್ನದೇ ಸುಮತಿ. ನಿಮ್ ಮಾತಿನ ದಿನ.'

'ಅದ್ ಬ್ಯಾಡ. ನಮ್ಗೆ ಅಂದ್ ಒಂದ್ ದಿನ ಬದಿಗ್ ಇಟ್ಟ್ ಕೊಡುದ್ ಬ್ಯಾಡ. ಹವಾಮಾನ ಕೊಡಿ, ದಿನಾ. ಎಲ್ರಿಗೂ ಓದ್ತೆ. ಕೊನಿಗೊಂದ್ ಸಲ ನಮ್ ಮಾತಂಗೂ ಹೇಳ್ತೆ.'

'ದಿನಾ?' ಎಂದೆ. ನನಗೆ ಕೂಡಲೇ ಬಸ್ಸಿನ ಚಿಂತೆ, ಅಂಗನವಾಡಿಯ ಹೊತ್ತಿನ ಚಿಂತೆ.

'ಮಳಿ ಗುರುವಾರ ಮಾತ್ರ ಬತ್ತಾ ಅಕ್ಕ?' ಎಂದು ಕುರ್ಚಿಯನ್ನು ಮೈಕಿನ ಹತ್ತಿರ ಎಳೆದುಕೊಂಡಳು.

ಅಂದಿನಿಂದ ಇಂದಿನವರೆಗೆ ಅವಳೇ ಓದುತ್ತಿದ್ದಾಳೆ. ದೋಣಿಯವರು ಈಗ ಅವಳ ಮಾತು ಕೇಳದೆ ಹಗ್ಗ ಬಿಚ್ಚುವುದಿಲ್ಲ. ನಾನು ಕೆಲಸ ಬಿಟ್ಟ ಮೇಲೆ ನನ್ನ ಕುರ್ಚಿಯೂ ಅವಳದೇ.

ಕಾರಿನ ಗಾಜನ್ನು ಯಾರೋ ತಟ್ಟಿದರು. ಸಮಾರಂಭದ ಕಾರ್ಯದರ್ಶಿ ಕೊಡೆ ಹಿಡಿದು ನಿಂತಿದ್ದರು. ಗಾಜು ಇಳಿಸಿದೆ.

'ಬನ್ನಿ ಮೇಡಂ, ಎಲ್ರೂ ಕಾಯ್ತಾ ಇದ್ರ್,' ಎಂದರು. 'ಡೋಲು ನಿಮ್ಗೋಸ್ಕರವೇ ಕರ್ಸಿದ್ದ್. ಫೋನಂಗೆ ನಿಮ್ ಹೆಸ್ರ್ ಹಾಕ್ರೆ ಮೊದ್ಲ್ ಬಪ್ಪುದೇ ಆ ಫೋಟೊ. ನೀವ್ ಬಾಗ್ಲಂಗೆ, ಹಿಂದೆ ಡೋಲು. ಇವತ್ತೂ ಹಾಂಗೇ ಒಂದ್ ತೆಗಿವ ಅಂತೇಳಿ.'

ಅವರ ಮುಖದಲ್ಲಿ ಅಂದಿನ ನನ್ನ ನಗೆಯೇ ಇತ್ತು. ಹೊಗಳಿಸಿಕೊಳ್ಳಲು ಕಾದ ನಗೆ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ನನ್ನ ತಪ್ಪೊಪ್ಪಿಗೆ ಒಂದು ನಿಮಿಷ ಗಾಳಿಯಲ್ಲಿದ್ದು ಹೋಗಿತ್ತು. ಚಿತ್ರ ಉಳಿದು, ಊರಿಂದೂರಿಗೆ ನಡೆದು, ಇಲ್ಲಿ ಮತ್ತೆ ನಾಲ್ಕು ಜನರನ್ನು ಬಾಗಿಲ ಹೊರಗೆ ನಿಲ್ಲಿಸಿತ್ತು. 'ಎರಡ್ ನಿಮಿಷ' ಎಂದು ಗಾಜು ಏರಿಸಿ ಸುಮತಿಗೆ ಫೋನ್ ಮಾಡಿದೆ. ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. 'ಕಾರ್ ತಿರ್ಗ್ಸಿ ಮನಿಗ್ ಹೋಪ್ದಾ ಅಂತ ಅನ್ಸತ್ತ್ ಸುಮತಿ. ನಾನ್ ಆವತ್ತೇ ಹೇಳಿ ಮುಗ್ಸಿದ್ದೆ ಅಲ್ದಾ?'

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

'ಅಕ್ಕ, ನೀವ್ ಹೇಳಿದ್ದ್ ನಮ್ ರೇಡಿಯೋದಂಗೆ,' ಎಂದಳು. 'ಅದ್ ಬ್ರಹ್ಮಾವರಕ್ಕೆ ಕೇಂತಿಲ್ಲೆ.'

ನಾನು ಕಾರಿನಿಂದಿಳಿದೆ. ಕಾರ್ಯದರ್ಶಿ ಹಿಡಿದ ಕೊಡೆಯಿಂದ ಹೊರಬಂದು ಪೋರ್ಟಿಕೋದ ಮೂಲೆಗೆ ಹೋಗಿ ಆ ನಾಲ್ವರ ಹೆಸರು ಕೇಳಿದೆ. ಒಳಗೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತೀರಾ, ಹೊಡೆಯುವುದು ಬಿಡುವುದು ನಿಮ್ಮ ಇಷ್ಟ ಎಂದೆ. ಅವರಲ್ಲಿ ಹಿರಿಯರು ಕಾರ್ಯದರ್ಶಿಯ ಮುಖ ನೋಡಿದರು, ನನ್ನ ಮುಖ ನೋಡಿದರು, ಕಾಯುತ್ತಿದ್ದ ಡೋಲನ್ನು ಬೆಂಕಿಯಿಂದ ಈಚೆ ಸರಿಸಿದರು. ನಾನು ವೇದಿಕೆಯ ಕಡೆ ನಡೆದೆ.

ವೇದಿಕೆಯಲ್ಲಿ ಶಾಲು ಬಿಡಿಸಿ ಹಿಡಿದುಕೊಂಡು ಇಬ್ಬರು ಮುಂದೆ ಬಂದರು.

'ಅದು ಆಮೇಲೆ ಇರಲಿ,' ಎಂದೆ. 'ಮೊದಲು ಮೈಕ್ ಕೊಡಿ.'